ಜಿಹ್ವಾಚಾಪಲ್ಯವೆಂಬ ಅಪವಾದ

ನಮ್ಮ ಮಾತಿನಲ್ಲಿ ನಾಲಿಗೆಗೆ ಅಂಟಿರುವಷ್ಟು ಅಪವಾದ ದೇಹದ ಬೇರೆ ಯಾವ ಅಂಗಕ್ಕೂ ಅಂಟಿಲ್ಲ. ಆಡಬಾರದ ಮಾತನ್ನು ಆಡಿದರೆ ತಪ್ಪು ನಾಲಿಗೆಯದು. ತಿನ್ನಬಾರದ ತಿಂಡಿಯನ್ನು ತಿಂದರೂ ತಪ್ಪು ನಾಲಿಗೆಯದೇ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಮದುವೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಬೇಡವೆನ್ನದಿದ್ದರೆ, ಪಕ್ಕದವರು 'ಜಿಹ್ವಾಚಾಪಲ್ಯ' ಎಂದು ನಗುತ್ತಾರೆ. ಹುಡುಗ ಮೂರನೆಯ ಸಲ ಅನ್ನ ಕೇಳಿದರೆ 'ಹೊಟ್ಟೆಬಾಕ' ಎನ್ನುತ್ತಾರೆ. ಕಾಯಿಲೆಯಿಂದ ಎದ್ದ ಅಜ್ಜಿ ತಟ್ಟೆಯನ್ನು ಅತ್ತ ಸರಿಸಿದರೆ 'ಹಟ' ಎನ್ನುತ್ತಾರೆ. ಈ ಮೂರು ಮಾತುಗಳ ಹಿಂದೆಯೂ ಒಂದೇ ತೀರ್ಪು ಅಡಗಿದೆ. ರುಚಿ ನಾಲಿಗೆಯಲ್ಲಿದೆ, ಹಸಿವು ಹೊಟ್ಟೆಯಲ್ಲಿದೆ, ಎರಡರ ಕಡಿವಾಣವೂ ಮನುಷ್ಯನ ಕೈಯಲ್ಲಿದೆ. ಅದನ್ನು ಹಿಡಿಯಲಾರದವನು ದುರ್ಬಲನೆಂಬುದೇ ಆ ತೀರ್ಪು.

ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು? ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಹಲವು ದೇಶಗಳ ವಿಜ್ಞಾನಿಗಳು ಈ ಪ್ರಶ್ನೆಯನ್ನು ಒಂದೊಂದು ಕಡೆಯಿಂದ ಹಿಡಿದು ಪರೀಕ್ಷಿಸಿದ್ದಾರೆ. ಅವರು ಮೊದಲು ನಾಲಿಗೆಯನ್ನು ವಿಚಾರಿಸಿದರು. ಆಮೇಲೆ ಹೊಟ್ಟೆಯನ್ನು ವಿಚಾರಿಸಿದರು. ಕಡೆಗೆ ಮಿದುಳಿನ ಬಾಗಿಲಿಗೆ ಬಂದು ನಿಂತರು. ಆ ಅನ್ವೇಷಣೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ. ಕನ್ನಡ ಪಾಠ ಹೇಳುವವನು ಮಿದುಳಿನ ವಿಷಯಕ್ಕೆ ಕೈಹಾಕುವುದೇಕೆಂದು ವಾಚಕರು ಕೇಳಬಹುದು. ಚಾಪಲ್ಯ, ಬಯಕೆ, ರುಚಿ, ಅರುಚಿ ಎಂಬ ಮಾತುಗಳ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುವವನಿಗೆ ಆ ಮಾತುಗಳ ಹಿಂದಿರುವ ವಸ್ತು ಏನೆಂದು ತಿಳಿಯುವ ಕುತೂಹಲ ಇರುವುದು ಸಹಜವಷ್ಟೆ.

ರುಚಿಯ ವಿಚಾರ ನಮ್ಮಲ್ಲಿ ಹೊಸದೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚೈತ್ರರಥವೆಂಬ ವನದಲ್ಲಿ ನೆರೆದ ಋಷಿಗಳ ಒಂದು ಸಭೆಯ ವರ್ಣನೆಯಿದೆ. ರಸಗಳು ಎಷ್ಟು ಎಂಬುದೇ ಅಲ್ಲಿಯ ಚರ್ಚೆ. ಒಬ್ಬರು ರಸ ಒಂದೇ ಎಂದರು, ಇನ್ನೊಬ್ಬರು ಎರಡು ಎಂದರು. ಹೀಗೆ ಏರುತ್ತ ಹೋಗಿ, ರಸಗಳಿಗೆ ಲೆಕ್ಕವೇ ಇಲ್ಲವೆಂದವರೂ ಇದ್ದರು. ಕೊನೆಗೆ ಆತ್ರೇಯ ಪುನರ್ವಸುವು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರನ್ನು ನಿಶ್ಚಯಿಸಿದನು. ಕನ್ನಡದಲ್ಲಿಯೂ ಪಾಕದ ವಿಷಯ ಬಹಳ ಹಿಂದೆಯೇ ಗ್ರಂಥಕ್ಕೆ ಏರಿತು. ಸುಮಾರು ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡಿಗೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಪದ್ಯದಲ್ಲಿ 'ಸೂಪಶಾಸ್ತ್ರ'ವನ್ನೇ ರಚಿಸಿದನು. ರುಚಿಯನ್ನು ಹೀಗೆ ಬಗೆಬಗೆಯಾಗಿ ಬಲ್ಲ ನಮ್ಮ ಹಿರಿಯರೂ 'ಜಿಹ್ವಾಚಾಪಲ್ಯ' ಎಂಬ ಸಮಾಸದಲ್ಲಿ ದೋಷವನ್ನು ನಾಲಿಗೆಗೇ ಕಟ್ಟಿದರು.

ಯುರೋಪಿನ ವಿದ್ವಾಂಸರು ಸಿಹಿ, ಹುಳಿ, ಉಪ್ಪು, ಕಹಿ ಎಂದು ನಾಲ್ಕನ್ನೇ ಎಣಿಸುತ್ತಿದ್ದರು. ೧೯೦೧ರಲ್ಲಿ ಜರ್ಮನಿಯ ಹೇನಿಗ್ ಎಂಬುವರು ನಾಲಿಗೆಯ ಯಾವ ಭಾಗ ಯಾವ ರುಚಿಗೆ ಹೆಚ್ಚು ಸೂಕ್ಷ್ಮವೆಂದು ಅಳೆದು ಪ್ರಕಟಿಸಿದರು. ಅವರಿಗೆ ಕಂಡುಬಂದ ವ್ಯತ್ಯಾಸ ಅತ್ಯಲ್ಪವಾಗಿತ್ತು. ಆದರೆ ೧೯೪೨ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಬೋರಿಂಗ್ ತಮ್ಮ ಗ್ರಂಥದಲ್ಲಿ ಆ ಅಳತೆಗಳನ್ನು ರೇಖಾಚಿತ್ರವಾಗಿ ಬರೆದಾಗ, ಅಲ್ಪ ವ್ಯತ್ಯಾಸವು ದೊಡ್ಡ ವ್ಯತ್ಯಾಸದಂತೆ ಕಂಡಿತು. ಅಲ್ಲಿಂದ ಮುಂದೆ ನಾಲಿಗೆಯ ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ, ಹಿಂಬದಿಯಲ್ಲಿ ಕಹಿ ಎಂಬ ಭೂಪಟವು ಪಠ್ಯಪುಸ್ತಕಗಳನ್ನು ಸೇರಿ, ಶಾಲೆಯ ಗೋಡೆಗಳ ಮೇಲೂ ನೇತಾಡಿತು. ೧೯೭೪ರಲ್ಲಿ ಕಾಲಿಂಗ್ಸ್ ಎಂಬ ವಿದುಷಿ ಮತ್ತೆ ಅಳೆದು, ಈ ವ್ಯತ್ಯಾಸಕ್ಕೆ ಹೇಳುವಷ್ಟು ಬೆಲೆಯಿಲ್ಲವೆಂದು ತೋರಿಸಿದರು. ಅದನ್ನು ಯಾರು ಬೇಕಾದರೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಚಿಟಿಕೆ ಸಕ್ಕರೆಯನ್ನು ನಾಲಿಗೆಯ ಅಂಚಿಗೆ ಇಟ್ಟರೂ ಅದು ಸಿಹಿಯಾಗಿಯೇ ಇರುತ್ತದೆ.

ಈ ನಡುವೆ ಟೋಕಿಯೊ ನಗರದಲ್ಲಿ ಇಕೆಡಾ ಎಂಬ ರಸಾಯನಶಾಸ್ತ್ರಜ್ಞರು ೧೯೦೮ರಲ್ಲಿ, ತಮ್ಮ ದೇಶದ ಸಾರಿಗೆ ಹಾಕುವ ಕಡಲಪಾಚಿಯಿಂದ ಗ್ಲುಟಮೇಟ್ ಎಂಬ ದ್ರವ್ಯವನ್ನು ಬೇರ್ಪಡಿಸಿ, ಅದರ ರುಚಿಯನ್ನು 'ಉಮಾಮಿ' ಎಂದು ಕರೆದರು. ಅದು ಐದನೆಯ ಮೂಲರುಚಿ ಎಂಬುದನ್ನು ಪಾಶ್ಚಾತ್ಯರು ಒಪ್ಪಿಕೊಳ್ಳಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ನಮ್ಮ ಆರರಲ್ಲಿ ಒಂದಾದ ಖಾರವನ್ನು ಮಾತ್ರ ಈಗಿನವರು ರುಚಿಯ ಗುಂಪಿನಿಂದ ಹೊರಗಿಟ್ಟಿದ್ದಾರೆ. ಮೆಣಸಿನಕಾಯಿ ಕೆರಳಿಸುವುದು ರುಚಿಯ ಮೊಗ್ಗುಗಳನ್ನಲ್ಲ, ಸುಡುವ ನೋವನ್ನು ತಿಳಿಸುವ ನರಗಳನ್ನು ಎಂಬುದು ೧೯೯೭ರಲ್ಲಿ ಸಿದ್ಧವಾಯಿತು. ಅದನ್ನು ಕಂಡುಹಿಡಿದ ಜೂಲಿಯಸ್ ಅವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟನ್ನು ವಿಚಾರಿಸಿದ ಮೇಲೆ ನಾಲಿಗೆಯ ಕೆಲಸ ಏನೆಂಬುದು ಸ್ಪಷ್ಟವಾಯಿತು. ಅದು ಅಂಚೆಯವನ ಕೆಲಸ. ಆಹಾರದಲ್ಲಿ ಕರಗಿದ ವಸ್ತುವು ರುಚಿಯ ಮೊಗ್ಗನ್ನು ಮುಟ್ಟಿದೊಡನೆ ಆ ಸುದ್ದಿಯನ್ನು ಮೂರು ಜೊತೆ ನರಗಳು ಮಿದುಳಿನ ಬುಡಕ್ಕೆ ಒಯ್ಯುತ್ತವೆ. ಅಲ್ಲಿಂದ ಅದು ಮೇಲೇರಿ ಮಿದುಳಿನ ಮಡಿಕೆಗಳೊಳಗೆ ಸೇರುತ್ತದೆ. ಮೂಗಿನ ಸುದ್ದಿ, ಕಣ್ಣಿನ ಸುದ್ದಿ, ಹಿಂದಿನ ನೆನಪು ಎಲ್ಲವೂ ಕೂಡಿದ ಮೇಲೆಯೇ ಅದು ನಾವು ರುಚಿಯೆನ್ನುವ ಅನುಭವವಾಗುತ್ತದೆ. ನೆಗಡಿ ಬಂದಾಗ ಘಮಘಮಿಸುವ ಸಾರೂ ಸಪ್ಪೆಯಾಗುವುದು ಇದರಿಂದಲೇ. ಅಂಚೆಯವನು ಪತ್ರವನ್ನು ತಂದುಕೊಡುತ್ತಾನೆಯೇ ಹೊರತು ಅದನ್ನು ಓದಿ ಸಂತೋಷಪಡುವವನು ಅವನಲ್ಲ.

ನಾಲಿಗೆಯ ನಂತರ ವಿಚಾರಣೆಗೆ ಬಂದದ್ದು ಹೊಟ್ಟೆ. ಹಾರ್ವರ್ಡಿನ ಶಾರೀರಕ ಶಾಸ್ತ್ರಜ್ಞರಾದ ಕ್ಯಾನನ್ ಅವರ ಬಳಿ ವಾಶ್‌ಬರ್ನ್ ಎಂಬ ವಿದ್ಯಾರ್ಥಿಯಿದ್ದನು. ಆತನು ಗುರುವಿನ ಪ್ರಯೋಗಕ್ಕಾಗಿ ಸಣ್ಣ ರಬ್ಬರಿನ ಬುಗ್ಗೆಯನ್ನು ನಳಿಗೆಸಹಿತ ನುಂಗಿ ಕುಳಿತುಕೊಳ್ಳುತ್ತಿದ್ದನು. ಬುಗ್ಗೆಗೆ ಗಾಳಿ ತುಂಬಿ, ಜಠರ ಹಿಂಡಿದಾಗಲೆಲ್ಲ ಸುರುಳಿ ಕಾಗದದ ಮೇಲೆ ಗೆರೆ ಬೀಳುವಂತೆ ಏರ್ಪಡಿಸಿದ್ದರು. ಹಸಿವೆನಿಸಿದಾಗ ವಿದ್ಯಾರ್ಥಿಯು ಒಂದು ಗುಂಡಿಯನ್ನು ಒತ್ತಬೇಕು. ಜಠರ ಹಿಂಡಿದ ಗೆರೆಯೂ ಹಸಿವಿನ ಗುರುತೂ ಒಂದೇ ಹೊತ್ತಿಗೆ ಬಿದ್ದವು. ಆದುದರಿಂದ ಹಸಿವೆಂದರೆ ಬರಿಯ ಹೊಟ್ಟೆಯ ಹಿಂಡುವಿಕೆಯೆಂದು ೧೯೧೨ರಲ್ಲಿ ಇವರು ಸಾರಿದರು. ಕಣ್ಣಿಗೆ ಕಾಣುವ ಸಾಕ್ಷ್ಯವಿದ್ದುದರಿಂದ ಈ ಮತವು ಬಹುಕಾಲ ನಿಂತಿತು. ಆದರೆ ಹುಣ್ಣು, ಗಂತಿಗಳ ಕಾರಣದಿಂದ ಜಠರವನ್ನೇ ತೆಗೆದುಹಾಕಿಸಿಕೊಂಡ ರೋಗಿಗಳಿಗೂ ಹಸಿವಾಗುತ್ತಿತ್ತು. ಜಠರದ ನರಗಳನ್ನು ಕತ್ತರಿಸಿದ ಇಲಿಗಳೂ ಹೊತ್ತಿಗೆ ಸರಿಯಾಗಿ ಆಹಾರವನ್ನು ಹುಡುಕಿ ಬರುತ್ತಿದ್ದವು. ಹೊಟ್ಟೆ ಸುದ್ದಿ ಕಳಿಸುವುದು ನಿಜ; ಆದರೆ ಹಸಿವಿನ ನೆಲೆ ಅಲ್ಲಿರಲಿಲ್ಲ.

ಹಾಗಾದರೆ ನೆಲೆ ಎಲ್ಲಿ? ಸುಳಿವು ಮೊದಲೇ ಸಿಕ್ಕಿದ್ದಿತು. ಮಿದುಳಿನ ತಳದಲ್ಲಿ ಗಡ್ಡೆ ಬೆಳೆದ ರೋಗಿಯೊಬ್ಬರು ವಿಪರೀತ ದಪ್ಪವಾದುದನ್ನು ಜರ್ಮನಿಯ ವೈದ್ಯರಾದ ಮೋರ್ ೧೮೪೦ರಲ್ಲಿಯೇ ದಾಖಲಿಸಿದ್ದರು. ಆ ತಳದಲ್ಲಿ ಬಾದಾಮಿಯಷ್ಟು ಗಾತ್ರದ ಒಂದು ಭಾಗವಿದೆ. ಅದರ ಹೆಸರು ಹೈಪೊಥಲಾಮಸ್. ೧೯೪೦ರಲ್ಲಿ ಅಮೆರಿಕದ ಹೆದರಿಂಗ್‌ಟನ್ ಮತ್ತು ರಾನ್ಸನ್ ಎಂಬುವರು ಇಲಿಗಳ ಮಿದುಳಿನ ಈ ಭಾಗದೊಳಕ್ಕೆ ಸೂಜಿಯಂಥ ತಂತಿಯನ್ನು ಇಳಿಸಿ, ಎಳ್ಳುಕಾಳಿಗಿಂತ ಚಿಕ್ಕ ಜಾಗವನ್ನು ವಿದ್ಯುತ್ತಿನಿಂದ ಸುಟ್ಟರು. ಆ ಇಲಿಗಳು ಮಿತಿಮೀರಿ ದಪ್ಪವಾದವು.

ಮುಂದಿನ ಹೆಜ್ಜೆಯನ್ನು ಇಟ್ಟವರು ಭಾರತೀಯರೊಬ್ಬರೆಂಬುದು ನಮಗೆ ಹೆಮ್ಮೆಯ ವಿಷಯ. ೧೯೧೭ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬಾಲಕೃಷ್ಣ ಆನಂದ್ ಅವರು ರಾಕ್‌ಫೆಲರ್ ಪ್ರತಿಷ್ಠಾನದ ವಿದ್ಯಾರ್ಥಿವೇತನ ಪಡೆದು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಬ್ರೋಬೆಕ್ ಎಂಬ ವಿದ್ವಾಂಸರೊಡನೆ ಕೂಡಿ ಅದೇ ಬಾದಾಮಿಯ ಹೊರಮೈಗೆ ಹತ್ತಿರವಿರುವ ಒಂದು ಪುಟ್ಟ ಜಾಗವನ್ನು ಎರಡು ಪಕ್ಕಗಳಲ್ಲಿಯೂ ಸುಟ್ಟು ನೋಡಿದರು. ಈ ಸಲ ಫಲ ಅದಕ್ಕೆ ವಿರುದ್ಧವಾಗಿತ್ತು. ಇಲಿಗಳು ತಿನ್ನುವುದನ್ನೇ ಬಿಟ್ಟವು. ಎದುರಿಗೆ ಆಹಾರವಿದ್ದಂತೆಯೇ ಉಪವಾಸದಿಂದ ಸತ್ತವು. ಅವುಗಳ ನಾಲಿಗೆ ಕೆಟ್ಟಿರಲಿಲ್ಲ, ಹೊಟ್ಟೆ ಕೆಟ್ಟಿರಲಿಲ್ಲ. ಹಸಿಯಬೇಕೆಂಬ ಆಜ್ಞೆಯೇ ಹೊರಡುತ್ತಿರಲಿಲ್ಲ. ೧೯೫೧ರಲ್ಲಿ ಪ್ರಕಟವಾದ ಈ ಶೋಧವು ಲೋಕಪ್ರಸಿದ್ಧವಾಯಿತು. ಆನಂದ್ ಅವರು ಸ್ವದೇಶಕ್ಕೆ ಹಿಂದಿರುಗಿ, ೧೯೫೬ರಲ್ಲಿ ಸ್ಥಾಪನೆಯಾದ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶಾರೀರಕ ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ೧೯೫೪ರಲ್ಲಿ ಸ್ಟೆಲ್ಲರ್ ಎಂಬ ಪಂಡಿತರು ಈ ಎರಡು ಶೋಧಗಳನ್ನೂ ಜೋಡಿಸಿ, ಮಿದುಳಿನಲ್ಲಿ ಹಸಿವಿನ ಕೇಂದ್ರವೊಂದು, ತೃಪ್ತಿಯ ಕೇಂದ್ರವೊಂದು ಇವೆಯೆಂಬ ಸಿದ್ಧಾಂತವನ್ನು ಮುಂದಿಟ್ಟರು.

ಆದರೆ ಕೇಂದ್ರವೆಂದು ಹೆಸರಿಟ್ಟರೆ ಕಾರಣವನ್ನು ಹೇಳಿದಂತಾಗುವುದಿಲ್ಲ. ಮಿದುಳಿನ ಕಣಗಳು ಒಂದರೊಡನೊಂದು ಮಾತನಾಡುವುದು ರಾಸಾಯನಿಕಗಳ ಮೂಲಕ. ಇಲ್ಲಿಗೆ ಅನ್ವೇಷಣೆಯು ರಸಾಯನದ ಕಡೆಗೆ ಹೊರಳಿತು. ಹೊರಳಲು ನೆರವಾದದ್ದು ನಮ್ಮ ನೆಲದ ಒಂದು ಮೂಲಿಕೆ. ಸರ್ಪಗಂಧಿಯ ಬೇರನ್ನು ನಮ್ಮ ವೈದ್ಯರು ಉನ್ಮಾದಕ್ಕೂ ನಿದ್ರಾಹೀನತೆಗೂ ಕೊಡುತ್ತಿದ್ದುದು ಹಿಂದಿನಿಂದ ಬಂದ ವಾಡಿಕೆ. ೧೯೫೨ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಜೋಲುಬಿಟ್ಟು, ಅಲುಗಾಡದೆ, ಮಣ್ಣಿನ ಗೊಂಬೆಗಳಂತೆ ಕುಳಿತವು. ಡೋಪ ಎಂಬ ಇನ್ನೊಂದು ವಸ್ತುವನ್ನು ಚುಚ್ಚಿದೊಡನೆ ಎದ್ದು ಓಡಾಡಿದವು. ಡೋಪವು ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ. ರೆಸರ್ಪಿನ್ ಬರಿದುಮಾಡಿದ್ದನ್ನು ಅದು ಮತ್ತೆ ತುಂಬಿತ್ತು. ೧೯೫೭-೫೮ರ ಈ ಪ್ರಯೋಗಗಳಿಂದ ಡೋಪಮಿನ್ ಮಿದುಳಿನ ಸ್ವಂತ ದೂತನೆಂಬುದು ತಿಳಿಯಿತು. ಕಾರ್ಲ್‌ಸನ್ ಅವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೭೧ರಲ್ಲಿ ಅದೇ ದೇಶದ ಉಂಗರ್‌ಸ್ಟೆಡ್ ಎಂಬುವರು ಇಲಿಗಳಲ್ಲಿ ಡೋಪಮಿನ್ ಹೊತ್ತ ನರತಂತುಗಳನ್ನು ಮಾತ್ರ ಹಾಳುಮಾಡಿದಾಗ, ಆನಂದ್ ಅವರು ಕಂಡ ಉಪವಾಸವೇ ಮತ್ತೆ ಕಂಡುಬಂದಿತು. ಆನಂದ್ ಅವರು ಸುಟ್ಟ ಜಾಗದ ಮೂಲಕ ಈ ತಂತುಗಳು ಹಾದುಹೋಗುತ್ತಿದ್ದವು.

ಇದಕ್ಕೆ ಮುಂಚೆ, ೧೯೫೪ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬುವರು ಒಂದು ವಿಚಿತ್ರವನ್ನು ಕಂಡಿದ್ದರು. ಇಲಿಯ ಮಿದುಳಿನ ಒಂದು ಜಾಗಕ್ಕೆ ತಂತಿಯಿಟ್ಟು, ಸನ್ನೆಯನ್ನು ಒತ್ತಿದರೆ ಅಲ್ಲಿಗೆ ಸಣ್ಣ ವಿದ್ಯುತ್ತು ಹರಿಯುವಂತೆ ಮಾಡಿದರೆ, ಇಲಿಯು ತಾನಾಗಿಯೇ ಗಂಟೆಗೆ ನೂರಾರು ಸಲ ಸನ್ನೆಯನ್ನು ಒತ್ತುತ್ತಿತ್ತು. ಇದು ಸುಖದ ಸ್ಥಾನ, ಡೋಪಮಿನ್ ಸುಖದ ರಸ ಎಂಬ ಮಾತು ಮುಂದೆ ಪ್ರಚಾರಕ್ಕೆ ಬಂದಿತು. ಇಂದಿಗೂ ಪತ್ರಿಕೆಗಳಲ್ಲಿ ಹಾಗೆಂದು ಬರೆಯುವವರುಂಟು. ಆದರೆ ಸತ್ಯ ಅದಕ್ಕಿಂತ ಸೂಕ್ಷ್ಮವಾದದ್ದು; ನನಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಮನೋಹರವಾಗಿ ಕಂಡ ಭಾಗವೂ ಇದೇ.

ಹಸುಗೂಸಿನ ನಾಲಿಗೆಗೆ ಸಕ್ಕರೆ ನೀರು ಮುಟ್ಟಿಸಿದರೆ ಅದು ತುಟಿ ಚಪ್ಪರಿಸುತ್ತದೆ. ಕಹಿ ಮುಟ್ಟಿಸಿದರೆ ಬಾಯಿ ಅಗಲಿಸಿ ಮುಖ ಸಿಂಡರಿಸುತ್ತದೆ. ಇಲಿಯ ಮುಖದಲ್ಲಿಯೂ ಇದೇ ಚಿಹ್ನೆಗಳು ಕಾಣುತ್ತವೆ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಬೆರಿಜ್ ಮತ್ತು ಅವರ ಸಂಗಡಿಗರು ಡೋಪಮಿನ್ ಬಹುಮಟ್ಟಿಗೆ ನಾಶವಾದ ಇಲಿಗಳ ಬಾಯಿಗೆ ಸಕ್ಕರೆ ನೀರನ್ನು ಹನಿಸಿ, ಮುಖವನ್ನು ನೋಡಿದರು. ತಾವಾಗಿ ಒಂದು ಕಾಳನ್ನೂ ಮುಟ್ಟದೆ ಸಾಯುವ ಆ ಇಲಿಗಳು ಸಿಹಿ ಬಿದ್ದೊಡನೆ ಮಾಮೂಲಿನಂತೆಯೇ ತುಟಿ ಚಪ್ಪರಿಸಿದವು! ೧೯೮೯ರಲ್ಲಿ ಇದು ಪ್ರಕಟವಾಯಿತು. ಅವುಗಳಿಗೆ ರುಚಿ ಇದ್ದಿತು, ರುಚಿಯ ಸಂತೋಷವೂ ಇದ್ದಿತು. ಇಲ್ಲದ್ದು ಬೇಕೆಂಬ ಬಯಕೆ ಮಾತ್ರ. ಹಾಗೆಂದ ಮೇಲೆ ಸವಿಯುವುದು ಬೇರೆ, ಬಯಸುವುದು ಬೇರೆ. ಬಯಕೆಯನ್ನು ನಡಸುವುದು ಡೋಪಮಿನ್. ಸವಿಯ ಸಂತೋಷವನ್ನು ಹೆಚ್ಚಿಸುವುದು ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳು. ಸ್ಕಾಟ್‌ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಅವುಗಳಲ್ಲಿ ಮೊದಲನೆಯವನ್ನು ೧೯೭೫ರಲ್ಲಿ ಕಂಡುಹಿಡಿದಿದ್ದರು.

ನಮ್ಮ ಆಡುಮಾತು ಈ ಭೇದವನ್ನು ಎಂದೋ ಬಲ್ಲದು. 'ರುಚಿ' ಎಂಬುದು ಒಂದು, 'ಚಪಲ' ಎಂಬುದು ಇನ್ನೊಂದು. ಚಪಲವೆಂದರೆ ನೆಲೆ ನಿಲ್ಲದ್ದು, ಚಂಚಲವಾದದ್ದು. ಸಂತೆಯ ದಿನ ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚಿ ಕುಳಿತವರನ್ನು ನೋಡಿ. ಮೊದಲ ಹಿಡಿಯಲ್ಲಿ ರುಚಿಯಿರುತ್ತದೆ. ಕೊನೆಯ ಹಿಡಿಯ ಹೊತ್ತಿಗೆ ರುಚಿ ಕಳೆದಿರುತ್ತದೆ, ಹೊಟ್ಟೆಯೂ ತುಂಬಿರುತ್ತದೆ. ಕೈ ಮಾತ್ರ ಪೊಟ್ಟಣಕ್ಕೆ ಹೋಗುತ್ತಲೇ ಇರುತ್ತದೆ. ಎರಡು ರಸಗಳು ಎರಡು ದಾರಿ ಹಿಡಿದಾಗ ಆಗುವುದು ಹೀಗೆ. ಸಮಾಸವನ್ನು ಕಟ್ಟಿದವರು 'ಚಾಪಲ್ಯ' ಎಂಬುದನ್ನು ಸರಿಯಾಗಿಯೇ ಹಿಡಿದರು. 'ಜಿಹ್ವಾ' ಎಂಬ ಪೂರ್ವಪದದಲ್ಲಿ ಮಾತ್ರ ವಿಳಾಸ ತಪ್ಪಿತು.

ಮಿದುಳಿನ ರಸಗಳು ಬಯಕೆಯನ್ನು ಮಾತ್ರವಲ್ಲ, ರುಚಿಯ ತೀಕ್ಷ್ಣತೆಯನ್ನೂ ಏರಿಳಿಸುತ್ತವೆ. ೨೦೦೬ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಾದ ಕೆಲವರಿಗೆ ಸೆರೊಟೊನಿನ್ ಎಂಬ ದೂತನನ್ನು ಹೆಚ್ಚಿಸುವ ಔಷಧವನ್ನು ಕೊಟ್ಟು ಪರೀಕ್ಷಿಸಿದರು. ಅವರು ಸಕ್ಕರೆಯನ್ನು ಮೊದಲಿಗಿಂತ ಶೇಕಡಾ ೨೭ರಷ್ಟು ಕಡಮೆ ಪ್ರಮಾಣದಲ್ಲಿದ್ದಾಗಲೇ ಗುರುತಿಸಿದರು. ಕಹಿಯನ್ನು ಶೇಕಡಾ ೫೩ರಷ್ಟು ಕಡಮೆ ಪ್ರಮಾಣದಲ್ಲಿಯೇ ಗುರುತಿಸಿದರು. ಮನಸ್ಸಿನಲ್ಲಿ ಆತಂಕ ಹೆಚ್ಚಾಗಿದ್ದವರ ನಾಲಿಗೆ ಅಷ್ಟೇ ಮಂದವಾಗಿದ್ದುದೂ ಕಂಡುಬಂದಿತು. ಅರೋಚಕವೆಂಬ ರೋಗಕ್ಕೆ ವಾತಾದಿ ದೋಷಗಳ ಜೊತೆಗೆ ಶೋಕ, ಭಯ, ಕ್ರೋಧಗಳನ್ನೂ ಕಾರಣವಾಗಿ ಚರಕಸಂಹಿತೆಯು ಎಣಿಸಿದೆ. ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು 'ಬಾಯಿಗೆ ಏನೂ ಹಿಡಿಸುವುದಿಲ್ಲ' ಎಂದರೆ ಅದು ಬರಿಯ ನುಡಿಗಟ್ಟಲ್ಲ.

ಇನ್ನು ದೇಹದ ಕೊಬ್ಬಿನ ಪಾತ್ರ. ೧೯೪೯ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಸಾಕಿದ ಸುಂಡಿಲಿಗಳ ನಡುವೆ ಎಷ್ಟು ತಿಂದರೂ ತಣಿಯದ, ಉರುಟಾಗಿ ಬೆಳೆದ ಮರಿಗಳು ಕಾಣಿಸಿಕೊಂಡವು. ಅಲ್ಲಿಯ ಕೋಲ್ಮನ್ ಎಂಬ ವಿಜ್ಞಾನಿಯು ಇಂಥ ಒಂದು ಸುಂಡಿಲಿಯ ರಕ್ತಸಂಚಾರವನ್ನು ಸಾಮಾನ್ಯವಾದ ಇನ್ನೊಂದಕ್ಕೆ ಜೋಡಿಸಿದಾಗ, ದಪ್ಪ ಇಲಿಯು ತಿನ್ನುವುದನ್ನು ಕಡಮೆ ಮಾಡಿತು. ಇನ್ನೊಂದರ ರಕ್ತದಲ್ಲಿದ್ದ 'ಸಾಕು' ಎನ್ನುವ ಯಾವುದೋ ವಸ್ತು ಇದರಲ್ಲಿರಲಿಲ್ಲವೆಂದು ಅವರು ಊಹಿಸಿದರು. ೧೯೯೪ರಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್ ಮತ್ತು ಸಂಗಡಿಗರು ಅದರ ಮೂಲವನ್ನು ಕಂಡುಹಿಡಿದರು. ಆ ವಸ್ತುವಿಗೆ ಲೆಪ್ಟಿನ್ ಎಂದು ಹೆಸರಾಯಿತು. ತೆಳುವೆಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಕೊಬ್ಬಿನ ಕಣಗಳು ಅದನ್ನು ರಕ್ತಕ್ಕೆ ಬಿಡುತ್ತವೆ, ರಕ್ತ ಅದನ್ನು ಮಿದುಳಿಗೆ ಒಯ್ಯುತ್ತದೆ. ಕಣಜದಲ್ಲಿ ದಾಸ್ತಾನು ಎಷ್ಟಿದೆಯೆಂದು ಯಜಮಾನನಿಗೆ ಒಪ್ಪಿಸುವ ಲೆಕ್ಕವಿದು. ಸುಂಡಿಲಿಗಳ ನಾಲಿಗೆಯಲ್ಲಿ ಸಿಹಿಯ ತೀವ್ರತೆಯನ್ನೂ ಲೆಪ್ಟಿನ್ ತಗ್ಗಿಸುವುದೆಂದು ೨೦೦೦ದಲ್ಲಿ ಜಪಾನಿನವರು ತೋರಿಸಿದರು. ಅದೇ ದೇಶದ ಕೊಜಿಮಾ ಮತ್ತು ಕಂಗಾವಾ ೧೯೯೯ರಲ್ಲಿ ಇದಕ್ಕೆ ವಿರುದ್ಧವಾದ ಗ್ರೆಲಿನ್ ಎಂಬ ವಸ್ತುವನ್ನು ಕಂಡುಹಿಡಿದಿದ್ದರು. ಅದು ಜಠರದಿಂದ ಹೊರಟು ಹಸಿವನ್ನು ಎಬ್ಬಿಸುತ್ತದೆ. ಕ್ಯಾನನ್ ಅವರ ಜಠರಕ್ಕೆ ಹೀಗೆ ದೂತನ ಸ್ಥಾನವಾದರೂ ಮರಳಿ ದೊರೆಯಿತು.

ಇಲಿಗಳ ವಿಷಯ ಹಾಗಿರಲಿ, ಮನುಷ್ಯರಲ್ಲಿ? ೧೯೯೭ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು. ಅವರಿಗೆ ಎಷ್ಟು ಉಂಡರೂ ಹಸಿವು ಇಂಗುತ್ತಿರಲಿಲ್ಲ. ಅವರಲ್ಲಿ ಒಂಬತ್ತು ವರ್ಷದ ಹುಡುಗಿಯ ತೂಕ ೯೪ ಕಿಲೋಗ್ರಾಂ ಮೀರಿದ್ದಿತು. ಆಕೆಗೆ ದಿನವೂ ಲೆಪ್ಟಿನ್ ಚುಚ್ಚಿದರು. ಒಂದು ವರ್ಷದಲ್ಲಿ ೧೬ ಕಿಲೋಗ್ರಾಮಿಗೂ ಹೆಚ್ಚು ಇಳಿದಳು; ಊಟದಲ್ಲಿ ತಾನಾಗಿಯೇ 'ಸಾಕು' ಎನ್ನುವಂತಾದಳು. ಯಾರ ಗದರಿಕೆಯಿಂದಲೂ ಆಗದ್ದು, ಇಲ್ಲದ ಒಂದು ರಸವನ್ನು ತುಂಬಿದ್ದರಿಂದ ಆಯಿತು. ಈ ಕೊರತೆ ಬಹಳ ಅಪರೂಪ. ದಪ್ಪಗಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಇರುವುದಿಲ್ಲವೆಂಬುದನ್ನು ಮರೆಯಬಾರದು. ಆದರೂ ಈ ಒಂದು ಉದಾಹರಣೆ ಸಾಕು. ತರಗತಿಯಲ್ಲಿ ದಪ್ಪ ಹುಡುಗನಿಗೆ ಗೆಳೆಯರು ಅಡ್ಡಹೆಸರು ಕಟ್ಟಿ ಕರೆಯುವುದನ್ನು, ಅವನು ಅದಕ್ಕೆ ಹೆದರಿ ಬುತ್ತಿಯನ್ನು ಗೋಡೆಯ ಕಡೆಗೆ ತಿರುಗಿ ಕುಳಿತು ತಿನ್ನುವುದನ್ನು ಮೇಷ್ಟರುಗಳಾದ ನಾವು ಎಷ್ಟೋ ಸಲ ಕಾಣುತ್ತೇವೆ. ಹಸಿವು ಹೆಚ್ಚಾಗಿರುವುದು ಆ ಹುಡುಗ ಮಾಡಿದ ತಪ್ಪಲ್ಲವೆಂದು ಉಳಿದವರಿಗೆ ಹೇಳಲು ಈಗ ನಮ್ಮ ಕೈಯಲ್ಲಿ ಆಧಾರವಿದೆ.

ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ. ಮಿದುಳು ಬರಗಾಲ ಬಂದಿತೆಂದು ಸಾರುತ್ತದೆ. ಲೆಪ್ಟಿನ್ ಹೆಸರೇ ತಿಳಿಯದ ಕಾಲದಲ್ಲಿ ಇದರ ಪರಿಣಾಮವನ್ನು ಮನುಷ್ಯರಲ್ಲಿ ಕಣ್ಣಾರೆ ಕಂಡ ಪ್ರಯೋಗವೊಂದುಂಟು. ೧೯೪೪-೪೫ರಲ್ಲಿ, ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ಹೇಗೆ ಉಣಿಸಬೇಕೆಂದು ತಿಳಿಯುವುದಕ್ಕಾಗಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಕೀಸ್ ಅವರು ೩೬ ಮಂದಿ ತರುಣರನ್ನು ೨೪ ವಾರ ಅರೆಹೊಟ್ಟೆಯಲ್ಲಿಟ್ಟರು. ಆ ತರುಣರು ಧರ್ಮಬುದ್ಧಿಯಿಂದ ಯುದ್ಧವನ್ನು ಒಲ್ಲೆನೆಂದು, ಲೋಕಹಿತಕ್ಕಾಗಿ ಇದಕ್ಕೆ ತಾವಾಗಿ ಬಂದವರು. ಅವರ ಮನೋಬಲವನ್ನು ಯಾರೂ ಶಂಕಿಸುವಂತಿರಲಿಲ್ಲ. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅನ್ನದ ಹೊರತು ಬೇರೆ ವಿಷಯ ಅವರ ಮನಸ್ಸಿಗೆ ಹತ್ತದಂತಾಯಿತು. ಅಡಿಗೆಯ ಪುಸ್ತಕಗಳನ್ನು ಕೂಡಿಟ್ಟರು, ಕನಸಿನಲ್ಲಿ ಊಟ ಕಂಡರು, ತಟ್ಟೆಯನ್ನು ನೆಕ್ಕಿದರು, ಸಣ್ಣ ಮಾತಿಗೂ ಸಿಡಿಮಿಡಿಗೊಂಡರು. ಹೊಟ್ಟೆ ತುಂಬ ಉಣ್ಣಬಹುದಾದ ಮೇಲೆಯೂ ಹಲವರಿಗೆ ಬಹುಕಾಲ ತೃಪ್ತಿಯೆಂಬುದು ಬರಲಿಲ್ಲ. ಹಸಿದವನ ನಡತೆಯನ್ನು ಉಂಡವನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಈಗ ಈ ಜ್ಞಾನ ಔಷಧವಾಗಿಯೂ ಬಂದಿದೆ. ಕರುಳಿನಿಂದ ಹೊರಟು 'ಸಾಕು' ಎಂದು ಮಿದುಳಿಗೆ ಹೇಳುವ ರಸವೊಂದನ್ನು ಅನುಕರಿಸುವ ಮದ್ದುಗಳು ಮೊದಲು ಸಕ್ಕರೆ ಕಾಯಿಲೆಗೆಂದು ಬಂದವು. ಅವುಗಳಲ್ಲಿ ಒಂದಾದ ಸೆಮಗ್ಲುಟೈಡ್‌ಗೆ ೨೦೨೧ರಲ್ಲಿ ಅಮೆರಿಕವು ಸ್ಥೂಲಕಾಯದ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟಿತು. ೨೦೨೫ರಲ್ಲಿ ಅದು ಆ ಚಿಕಿತ್ಸೆಗಾಗಿ ಭಾರತದ ಪೇಟೆಗೂ ಬಂದಿತು. ತೆಗೆದುಕೊಂಡವರಲ್ಲಿ ಅನೇಕರು, ದಿನವಿಡೀ ತಲೆಯಲ್ಲಿ ನಡೆಯುತ್ತಿದ್ದ ತಿಂಡಿಯ ಗದ್ದಲ ಅಡಗಿತೆಂದು ಹೇಳುತ್ತಾರೆ. ಮದ್ದು ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ವಾಂತಿ ಮುಂತಾದ ಉಪದ್ರವಗಳೂ ಉಂಟು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮುಟ್ಟತಕ್ಕ ವಸ್ತು ಅದಲ್ಲ. ಆದರೆ ಚುಚ್ಚುಮದ್ದಿನಿಂದ ಚಪಲ ಇಳಿಯುವುದಾದರೆ, ಅದು ಬರಿಯ ಗುಣದೋಷದ ಮಾತಲ್ಲವೆಂಬುದು ಸ್ಪಷ್ಟವಷ್ಟೆ.

ಹಾಗೆಂದು ಸಂಯಮಕ್ಕೆ ಅರ್ಥವೇ ಇಲ್ಲವೆಂದು ಯಾರೂ ತಿಳಿಯಬಾರದು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಸುಳ್ಳಾಗಿಲ್ಲ. ಬಯಕೆಯನ್ನು ಎಬ್ಬಿಸುವುದು ಕಣ್ಣಿಗೆ ಬೀಳುವ ವಸ್ತು, ಮೂಗಿಗೆ ತಾಗುವ ಕಂಪು. ಆದುದರಿಂದ ಬಯಕೆ ಎದ್ದ ಮೇಲೆ ಅದರೊಡನೆ ಗುದ್ದಾಡುವುದಕ್ಕಿಂತ, ಏಳದಂತೆ ಮನೆಯನ್ನು ಅಣಿಗೊಳಿಸುವುದು ಸುಲಭ. ಕರಿದ ತಿಂಡಿಯ ಡಬ್ಬಿಯನ್ನು ಬಾನುಲಿಯ ಪಕ್ಕದಿಂದ ತೆಗೆದು ಅಟ್ಟಕ್ಕೆ ಏರಿಸಿದ ಗೃಹಿಣಿಯು ಮನೆಯವರ ಅರ್ಧ ಸಂಯಮವನ್ನು ತಾನೇ ಮಾಡಿಕೊಟ್ಟಂತೆ. ಸಕ್ಕರೆ ಕಾಯಿಲೆಯ ಹಿರಿಯರ ಮುಂದೆ ಹೋಳಿಗೆಯ ತಟ್ಟೆಯನ್ನು ಹಿಡಿದು ನಿಂತು ಅವರ ಮನೋಬಲವನ್ನು ಪರೀಕ್ಷಿಸುವುದು ಉಪಚಾರವಲ್ಲ.

ಕೊನೆಯದಾಗಿ ಮನೆಯ ಹಿರಿಯರ ವಿಷಯ ಒಂದು ಮಾತು. ವಯಸ್ಸಾದಂತೆ ಮೂಗಿನ ಶಕ್ತಿ ಕುಂದುತ್ತದೆ, ರುಚಿಯೂ ಮಂಕಾಗುತ್ತದೆ. ಎಷ್ಟೋ ಔಷಧಗಳೂ ಬಾಯಿಯನ್ನು ಕೆಡಿಸುತ್ತವೆ. ಅತ್ತೆಯವರು ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ ಎಂದಾಗ ಸೊಸೆ ಅದನ್ನು ತನ್ನ ಕೈಗುಣದ ಮೇಲಿನ ಆಕ್ಷೇಪವೆಂದು ತಿಳಿಯುತ್ತಾಳೆ. ಸೊಸೆ ಬೇಕೆಂದೇ ಸಪ್ಪೆ ಮಾಡಿದಳೆಂದು ಅತ್ತೆ ತಿಳಿಯುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಸಾರು ಸರಿಯಾಗಿದೆ, ಅದರ ಸುದ್ದಿ ಮಾತ್ರ ಅತ್ತೆಯವರಿಗೆ ಪೂರ್ತಿ ತಲುಪುತ್ತಿಲ್ಲ. ಮೇಲೆ ಒಂದಿಷ್ಟು ಉಪ್ಪು ಸುರಿದರೆ ರಕ್ತದೊತ್ತಡಕ್ಕೆ ಕೇಡು; ಅದರ ಬದಲು ನಿಂಬೆಹಣ್ಣು ಹಿಂಡಿ, ಕೊತ್ತಂಬರಿಯನ್ನೋ ಇಂಗಿನ ಒಗ್ಗರಣೆಯನ್ನೋ ತುಸು ಹೆಚ್ಚಿಸಿ, ಬಿಸಿಯಾಗಿ ಬಡಿಸಿದರೆ ಊಟ ಒಳಗೆ ಹೋಗುತ್ತದೆ. ಅಷ್ಟಾದರೂ ತಟ್ಟೆ ಹಾಗೆಯೇ ಉಳಿಯುತ್ತಿದ್ದು, ದಿನದಿನಕ್ಕೆ ಮೈ ಇಳಿಯುತ್ತಿದ್ದರೆ, ಹಟವೆಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು.